ಹಳೇ ಕ್ಯಾಲ್ಕುಲೇಟರ್ ಚಿಪ್‌ಗಳ ಇತಿಹಾಸ ಹುಡುಕೋದು, ಬರೆದಿಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕ್ಯಾಲ್ಕುಲೇಟರ್ ಸಂಗ್ರಹಿಸೋರು ಸುಮಾರು ಜನ ಇದಾರೆ. ಆದ್ರೆ ಒಳಗಿರೋ ಚಿಪ್ ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಅದ್ರೊಳಗೆ ಎಂಥ ಪ್ರೋಗ್ರಾಂ ಇದೆ ಅಂತ ದಾಖಲೆ ಮಾಡಿಡೋರು ಕಡಿಮೆ. ಈ ಕೆಲ್ಸಕ್ಕೆ ಹೊಸದಾಗಿ ಬರೋರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಅದಕ್ಕೇ ಎಲ್ಲಾನೂ ಇಲ್ಲಿ ಒಟ್ಟಿಗೆ ಹಾಕಿದೀನಿ. ಮುಖ್ಯವಾಗಿ 1960ರ ದಶಕದ ಕೊನೆಯಿಂದ 1980ರ ದಶಕದ ಶುರುವರೆಗಿನ ಕಾಲದ ಬಗ್ಗೆ.

ಕ್ಯಾಲ್ಕುಲೇಟರ್ ಚಿಪ್‌ನ ಪ್ರಾಸೆಸರ್ ಅಂತ ಕರೀಬಹುದಾ?

ಕೆಲವನ್ನ ಕರೀಬಹುದು, ಕೆಲವನ್ನ ಆಗಲ್ಲ. 1961ರ ಅನಿಟಾ ಯಂತ್ರಗಳಲ್ಲಿ ವ್ಯಾಕ್ಯೂಮ್ ಟ್ಯೂಬ್‌ಗಳಿದ್ವು, 1964ರ ಶಾರ್ಪ್ ಸಿಎಸ್-10ಎ ಪೂರ್ತಿ ಟ್ರಾನ್ಸಿಸ್ಟರ್‌ದು, ತೂಕ 25 ಕೆಜಿ. 1969ರಲ್ಲಿ ಬಂದ ಶಾರ್ಪ್ ಕ್ಯುಟಿ-8ಡಿ ಒಳಗೆ ರಾಕ್‌ವೆಲ್ ಮಾಡಿಕೊಟ್ಟ ನಾಲ್ಕು ದೊಡ್ಡ ಚಿಪ್‌ಗಳೇ ಲೆಕ್ಕದ ಕೆಲ್ಸ ಪೂರ್ತಿ ನೋಡ್ಕೋತಿದ್ವು. ಆ ಕಾಲದ ಎಷ್ಟೋ ಚಿಪ್‌ಗಳಲ್ಲಿ ಕೂಡೋದು ಕಳೆಯೋದು ಹೇಗೆ ಅನ್ನೋದು ಸರ್ಕ್ಯೂಟ್‌ನ ಜೋಡಣೆಯಲ್ಲೇ ಇರ್ತಿತ್ತು, ಅದನ್ನ ಬದಲಾಯಿಸಬೇಕು ಅಂದ್ರೆ ಹೊಸ ಚಿಪ್ಪೇ ಡಿಸೈನ್ ಮಾಡ್ಬೇಕು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಕಂಪನಿಯ ಟಿಎಂಎಸ್1802 ಬೇರೆ ಥರದ್ದು. ಅದ್ರಲ್ಲಿ 320 ಸಾಲಿನ ಪ್ರೋಗ್ರಾಂ ರೋಮ್ (ತಯಾರಿಕೆಯಲ್ಲೇ ಬರೆದಿಟ್ಟ, ಆಮೇಲೆ ಓದೋಕೆ ಮಾತ್ರ ಆಗೋ ಮೆಮೊರಿ) ಇದೆ, ಒಂದೊಂದು ಸಾಲು 11 ಬಿಟ್, ಜೊತೆಗೆ 182 ಬಿಟ್ ಮೆಮೊರಿ, ಆದೇಶ ಓದಿ ಅರ್ಥ ಮಾಡ್ಕೊಳೋ ಡಿಕೋಡರ್, ಅಂಕಿ ಕೂಡಿಸೋ ಘಟಕ, ಎಲ್ಲಾ ಒಂದೇ ಸಿಲಿಕಾನ್ ಚೂರಲ್ಲಿ. ರೋಮ್‌ನ ಮಾಸ್ಕ್, ಅಂದ್ರೆ ಚಿಪ್ ಮೇಲೆ ಪ್ರೋಗ್ರಾಂ ಅಚ್ಚೊತ್ತೋ ನಮೂನೆ, ಬದಲಾಯಿಸಿದ್ರೆ ಅದೇ ಚಿಪ್ ಬೇರೆ ಕ್ಯಾಲ್ಕುಲೇಟರ್ ಆಗತ್ತೆ. ಇದನ್ನ ಪ್ರಾಸೆಸರ್ ಅನ್ನೋಕೆ ನಂಗಂತೂ ಯಾವ ಸಂಕೋಚಾನೂ ಇಲ್ಲ. ಚಿಪ್‌ನ ವರ್ತನೆ ವೈರಿಂಗ್‌ನಲ್ಲಿದೆಯಾ ಇಲ್ಲ ರೋಮ್‌ನಲ್ಲಿದೆಯಾ ಅನ್ನೋದು ನೀವು ಕೇಳ್ಕೋಬೇಕಾದ ಪ್ರಶ್ನೆ. ಉತ್ತರ ಏನೇ ಇದ್ರೂ ಎರಡೂ ಥರದ ಚಿಪ್ ದಾಖಲೆ ಮಾಡೋಕೆ ಯೋಗ್ಯಾನೇ.

ಸರಿ, ಹಾಗಾದ್ರೆ ಎಲ್ಲಕ್ಕಿಂತ ಮೊದಲ್ನೇದು ಯಾವ್ದು?

ಅತೀ ಹೆಚ್ಚು ಜನ ಕೇಳೋ ಪ್ರಶ್ನೆ ಇದು, ಅತೀ ಹೆಚ್ಚು ಜನ ತಪ್ಪು ಬರೆಯೋದೂ ಇಲ್ಲೇ. 1971ರ ಒಂದೇ ವರ್ಷದಲ್ಲಿ ಮೂರು ಚಿಪ್‌ಗಳು ಬಂದ್ವು, ಮೂರಕ್ಕೂ "ಮೊದಲ" ಅನ್ನೋ ಪಟ್ಟ ಕಟ್ಟಿದಾರೆ, ಮೂರೂ ಒಂದೊಂದು ಅರ್ಥದಲ್ಲಿ ಸರಿ.

ವರ್ಷದ ಶುರುವಲ್ಲಿ ಮೊಸ್ಟೆಕ್ ಎಂಕೆ6010 ಬಂತು, ಕ್ಯಾಲ್ಕುಲೇಟರ್‌ನ ಲೆಕ್ಕಾಚಾರ ಪೂರ್ತಿ ಒಂದೇ ಚಿಪ್‌ನಲ್ಲಿ ಹಿಡಿಸಿದ ಮೊದಲ ಚಿಪ್ ಅದು, ಜಪಾನಿನ ಬ್ಯುಸಿಕಾಮ್ ಕಂಪನಿಯ ಎಲ್‌ಇ-120ಎ ಅನ್ನೋ ಕೈಯಲ್ಲಿ ಹಿಡಿಯೋ ಯಂತ್ರದಲ್ಲಿ ಬಳಕೆ ಆಯ್ತು. ಸೆಪ್ಟೆಂಬರ್ 17ಕ್ಕೆ ಟಿಐ ತನ್ನ ಟಿಎಂಎಸ್1802 ಘೋಷಣೆ ಮಾಡ್ತು. ಇಂಟೆಲ್ 4004ರ ಜಾಹೀರಾತು ನವೆಂಬರ್ 15ರ ಒಂದು ಎಲೆಕ್ಟ್ರಾನಿಕ್ಸ್ ವಾರಪತ್ರಿಕೆಯಲ್ಲಿ ಬಂತು. 4004 ಹುಟ್ಟಿದ್ದೂ ಕ್ಯಾಲ್ಕುಲೇಟರ್‌ಗೇ, ಅದೂ ಇದೇ ಬ್ಯುಸಿಕಾಮ್‌ನ 141-ಪಿಎಫ್ ಅನ್ನೋ, ಕಾಗದದ ಮೇಲೆ ಪ್ರಿಂಟ್ ಮಾಡೋ ಮೇಜಿನ ಯಂತ್ರಕ್ಕೆ. ಅಂದ್ರೆ ಒಂದೇ ಕಂಪನಿ ಒಂದು ಕಡೆ ಮೊಸ್ಟೆಕ್ ಜೊತೆ, ಇನ್ನೊಂದು ಕಡೆ ಇಂಟೆಲ್ ಜೊತೆ ಕೆಲ್ಸ ಮಾಡ್ತಿತ್ತು. ಇದು ಗೊತ್ತಿಲ್ದೆ ಎಷ್ಟೋ ಜನ ಎರಡು ಕಥೆನೂ ಕಲಸಿ, ಎಲ್‌ಇ-120ಎ ಒಳಗೆ 4004 ಇದೆ ಅಂತ ಬರೆದುಬಿಟ್ಟಿದಾರೆ.

4004 ಒಬ್ಬಂಟಿಯಾಗಿ ಕೆಲ್ಸ ಮಾಡಲ್ಲ, 4001 ರೋಮ್, 4002 ರ್‍ಯಾಮ್, 4003 ಶಿಫ್ಟ್ ರಿಜಿಸ್ಟರ್ ಇದ್ರೇನೇ ಒಂದು ಯಂತ್ರ ಆಗೋದು. ಟಿಎಂಎಸ್1802ರಲ್ಲಿ ಪ್ರೋಗ್ರಾಂ ಮತ್ತು ಮೆಮೊರಿ ಚಿಪ್ ಒಳಗೇ ಇದೆ, ಆದ್ರೆ ಅದರ ಆದೇಶಗಳು ಕ್ಯಾಲ್ಕುಲೇಟರ್‌ಗೆ ಅಂತಾನೇ ಹೊಲಿದಂಥವು. ಹೀಗಿರುವಾಗ ಎರಡನ್ನ ಪಕ್ಕಪಕ್ಕ ಇಟ್ಟು ಯಾರು ಗೆದ್ರು ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ. ಇದಲ್ದೆ ಎಫ್-14 ಯುದ್ಧವಿಮಾನಕ್ಕೆ ಮಾಡಿದ್ದ ಎಂಪಿ944 ಚಿಪ್‌ಸೆಟ್ ಇದೆ, ಅದು 1970ರಲ್ಲೇ ತಯಾರಾಗಿದ್ರೂ ರಕ್ಷಣಾ ಗುಟ್ಟು ಅಂತ 1998ರವರೆಗೂ ಹೊರಗೆ ಬರ್ಲಿಲ್ಲ. ನನ್ನ ಸಲಹೆ ಇಷ್ಟೇ, "ಮೊದಲ" ಅಂತ ಬರೆದ್ರೆ ಯಾವುದರಲ್ಲಿ ಮೊದಲು ಅನ್ನೋದನ್ನ ಅದೇ ವಾಕ್ಯದಲ್ಲಿ ಹೇಳಿ. ಘೋಷಣೆ ಆದ ದಿನ, ಮೊದಲ ಸಲ ಕೆಲ್ಸ ಮಾಡಿದ ದಿನ, ಅಂಗಡಿಗೆ ಬಂದ ದಿನ, ಇವು ಮೂರು ಬೇರೆ ಬೇರೆ ತಾರೀಖು, ಅವನ್ನ ಬೇರೆಯಾಗೇ ಬರೀರಿ.

ಕೈಯಲ್ಲೊಂದು ಹಳೇ ಯಂತ್ರ ಇದೆ, ಎಲ್ಲಿಂದ ಶುರು ಮಾಡ್ಲಿ?

ಬಿಚ್ಚೋಕೆ ಮುಂಚೆ ಫೋಟೋ ತೆಗೀರಿ. ಮುಂದೆ, ಹಿಂದೆ, ಸೀರಿಯಲ್ ನಂಬರ್ ಲೇಬಲ್, ಬ್ಯಾಟರಿ ಗೂಡು, ಚಾರ್ಜರ್ ಮೇಲಿನ ಬರಹ, ಜೊತೆಗೆ ಬಿಲ್ಲೋ ವಾರಂಟಿ ಕಾರ್ಡೋ ಇದ್ರೆ ಅದೂ. ಆಮೇಲೆ ಬಿಚ್ಚಿ, ಬೋರ್ಡ್‌ನ ಎರಡೂ ಬದಿ ನೇರ ಮೇಲಿಂದ ಒಂದ್ಸಲ, ಬೆಳಕು ಓರೆಯಾಗಿ ಬೀಳೋ ಹಾಗೆ ಇನ್ನೊಂದ್ಸಲ ತೆಗೀರಿ. ಚಿಪ್ ಮೇಲಿನ ಅಕ್ಷರ ಮಾಸಿದ್ರೆ ಈ ಓರೆ ಬೆಳಕೇ ಕಾಪಾಡೋದು. ದಯವಿಟ್ಟು ಅಕ್ಷರ ಕಾಣ್ಲಿ ಅಂತ ಸಾಲ್ವೆಂಟ್ ಹಾಕಿ ಉಜ್ಜಬೇಡಿ, ಆ ಕಾಲದ ಎಷ್ಟೋ ಚಿಪ್‌ಗಳ ಶಾಯಿ ಒಂದೇ ಒರೆಸಿಗೆ ಹೋಗಿಬಿಡತ್ತೆ, ಹೋದ ಮೇಲೆ ಆ ಚಿಪ್‌ನ ಗುರುತೇ ಹೋದಂಗೆ.

ಬರೀ ದೊಡ್ಡ ಚಿಪ್ ಅಲ್ಲ, ಡಿಸ್‌ಪ್ಲೇ ಡ್ರೈವರ್, ಕ್ಲಾಕ್ ಚಿಪ್, ಕೆಪಾಸಿಟರ್ ಮೇಲಿನ ತಾರೀಖು, ಬೋರ್ಡ್ ಮೇಲಿನ ರಿವಿಷನ್ ಅಕ್ಷರ, ಕೈಯಲ್ಲಿ ಹಾಕಿದ ಜಂಪರ್ ವೈರ್, ಎಲ್ಲಾ ಬರ್ಕೊಳ್ಳಿ. ಜಂಪರ್ ವೈರ್ ಇದೆ ಅಂದ್ರೆ ಡಿಸೈನ್‌ನಲ್ಲಿ ಏನೋ ಸರಿಪಡಿಸಿದಾರೆ ಅಂತ, ಅದೇ ಮಾಡೆಲ್‌ನ ಇನ್ನೊಂದು ಯಂತ್ರ ಸಿಕ್ಕಾಗ ಹೋಲಿಸಿ ನೋಡಿದ್ರೆ ಆ ಕಥೆ ಬಿಚ್ಚಿಕೊಳತ್ತೆ.

ಚಿಪ್ ಮೇಲೆ ನಾಲ್ಕೈದು ನಂಬರ್ ಇದಾವೆ, ಯಾವ್ದು ಏನು ಅಂತ ಹೇಗೆ ಗೊತ್ತಾಗತ್ತೆ?

ಸಾಮಾನ್ಯವಾಗಿ ಒಂದು ಭಾಗದ ನಂಬರ್, ಒಂದು ಡೇಟ್ ಕೋಡ್, ಒಂದು ಬ್ಯಾಚ್ ಗುರುತು. ಡೇಟ್ ಕೋಡ್ ಹೆಚ್ಚಾಗಿ ನಾಲ್ಕಂಕಿ, ಮೊದಲ ಎರಡು ವರ್ಷ, ಕೊನೆ ಎರಡು ವಾರ. 7314 ಅಂದ್ರೆ 1973ರ 14ನೇ ವಾರ. ಕೆಲವು ಕಡೆ ತಿರುಗುಮುರುಗು ಇರತ್ತೆ, ಕೆಲವು ಜಪಾನಿ ಚಿಪ್‌ಗಳಲ್ಲಿ ವರ್ಷಕ್ಕೆ ಒಂದೇ ಅಂಕಿ, ತಿಂಗಳಿಗೆ ಒಂದು ಅಕ್ಷರ.

ಇಲ್ಲೊಂದು ದೊಡ್ಡ ಗುಂಡಿ ಇದೆ. ಬೋರ್ಡ್ ಮೇಲೆ 7402 ಅಂತ ಕಂಡ್ರೆ ಅದು 1974ರ ಎರಡನೇ ವಾರಾನೂ ಆಗಿರಬಹುದು, ನಾರ್ ಗೇಟ್ ಇರೋ ಮಾಮೂಲಿ ಟಿಟಿಎಲ್ ಚಿಪ್ ನಂಬರ್ರೂ ಆಗಿರಬಹುದು. 7400 ಸಾಲಿನ ಚಿಪ್‌ಗಳು ಜೋರಾಗಿ ಮಾರಾಟ ಆಗ್ತಿದ್ದ ಕಾಲಾನೇ 1974 ಆಗಿರೋದ್ರಿಂದ ಈ ಗೊಂದಲ ಪದೇ ಪದೇ ಬರತ್ತೆ. ಪಕ್ಕದ ಚಿಪ್‌ಗಳ ಕೋಡ್ ನೋಡಿ, ಎಲ್ಲಾ 73, 74ರ ಆಸುಪಾಸಿದ್ರೆ ಆಗ ತೀರ್ಮಾನಕ್ಕೆ ಬನ್ನಿ.

ಭಾಗದ ನಂಬರ್‌ನಲ್ಲೂ ಎರಡು ಥರ. ಚಿಪ್ ಮಾಡಿದೋರ ನಂಬರ್ ಒಂದು, ಕೊಂಡೋರು ತಮ್ಮ ಲೆಕ್ಕಕ್ಕೆ ಹಾಕಿಸಿಕೊಂಡ ನಂಬರ್ ಇನ್ನೊಂದು. ಎಚ್‌ಪಿ (ಹ್ಯೂಲೆಟ್-ಪ್ಯಾಕರ್ಡ್) ಯಂತ್ರಗಳಲ್ಲಿ 1820 ಇಲ್ಲ 1818ರಿಂದ ಶುರುವಾಗೋ ನಂಬರ್ ಕಂಡ್ರೆ ಅದು ಎಚ್‌ಪಿಯ ಸ್ವಂತ ನಂಬರ್, ಅದನ್ನಿಟ್ಕೊಂಡು ಡೇಟಾಶೀಟ್ (ಚಿಪ್ ಮಾಡಿದೋರು ಕೊಡೋ ತಾಂತ್ರಿಕ ವಿವರದ ಹಾಳೆ) ಹುಡುಕಿದ್ರೆ ಏನೂ ಸಿಗಲ್ಲ. ಟಿಐಯ ಟಿಎಂಎಸ್1000 ಕುಟುಂಬದಲ್ಲಿ ಎಂಪಿ ಅಂತ ಶುರುವಾಗೋ ನಂಬರ್ ಇದ್ರೆ ಅದು ಒಳಗಿನ ಪ್ರೋಗ್ರಾಂನ ಗುರುತು. ಅದೇ ಸಿಲಿಕಾನ್, ಒಂದು ನಂಬರ್ ಇದ್ರೆ ಕ್ಯಾಲ್ಕುಲೇಟರ್, ಇನ್ನೊಂದು ನಂಬರ್ ಇದ್ರೆ ಮಕ್ಕಳ ಆಟದ ಸಾಮಾನು. ಹಾಗಾಗಿ ಕೊನೆಯ ಒಂದು ಅಂಕಿ ಓದೋಕಾಗ್ತಿಲ್ಲ ಅಂತ ಊಹೆಯಿಂದ ತುಂಬಬೇಡಿ, ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ಚಿಪ್‌ನ ತಾರೀಖೇ ಯಂತ್ರದ ತಾರೀಖಾ?

ಅಲ್ಲ. ಚಿಪ್ ತಾರೀಖು ಹೇಳೋದು ಇಷ್ಟೇ, ಯಂತ್ರದ ಜೋಡಣೆ ಇದಕ್ಕಿಂತ ಮುಂಚೆ ಆಗಿರೋಕೆ ಸಾಧ್ಯ ಇಲ್ಲ. ಅದೂ ಆ ಚಿಪ್ ರಿಪೇರಿಯಲ್ಲಿ ಆಮೇಲೆ ಹಾಕಿದ್ದಲ್ಲ ಅಂತಾದ್ರೆ ಮಾತ್ರ. ಎಲ್ಲಾ ಭಾಗಗಳಲ್ಲಿ ಅತೀ ಹೊಸದು ಯಾವ್ದೋ ಅದನ್ನ ಹಿಡೀರಿ. ಎಚ್‌ಪಿ ಸೀರಿಯಲ್ ನಂಬರ್ ಇಲ್ಲಿ ತುಂಬಾ ಸಹಾಯ ಮಾಡತ್ತೆ, ಮೊದಲ ಎರಡಂಕಿಗೆ 1960 ಕೂಡಿಸಿದ್ರೆ ವರ್ಷ, ಮುಂದಿನ ಎರಡು ವಾರ, ಆಮೇಲಿನ ಅಕ್ಷರ ದೇಶ. 1302ಎ ಅಂದ್ರೆ 1973ರ ಎರಡನೇ ವಾರ, ಅಮೆರಿಕ. ಎಸ್ ಇದ್ರೆ ಸಿಂಗಾಪುರ, ಬಿ ಇದ್ರೆ ಬ್ರೆಜಿಲ್.

ಡೇಟಾಶೀಟ್ ಎಲ್ಲೂ ಸಿಗ್ತಿಲ್ಲ, ಏನ್ ಮಾಡ್ಲಿ?

ಪೇಟೆಂಟ್ ಓದಿ. ನಿಜವಾಗ್ಲೂ, ಈ ವಿಷಯದಲ್ಲಿ ಪೇಟೆಂಟ್‌ನಂಥ ನಿಧಿ ಇನ್ನೊಂದಿಲ್ಲ, ಹೆಚ್ಚಿನೋರು ಅದರ ಹತ್ರಾನೂ ಹೋಗಲ್ಲ ಅನ್ನೋದು ನಂಗೆ ಬೇಜಾರು. ಕ್ಯಾಲ್ಕುಲೇಟರ್ ಚಿಪ್‌ಗಳಲ್ಲಿ ಎಷ್ಟೋ ಯಾವತ್ತೂ ಬಿಡಿಯಾಗಿ ಮಾರಾಟ ಆಗ್ಲೇ ಇಲ್ಲ, ಹಾಗಾಗಿ ಸಾರ್ವಜನಿಕರಿಗೆ ಅಂತ ಡೇಟಾಶೀಟ್ ಬರೆಯೋ ಅಗತ್ಯಾನೇ ಇರ್ಲಿಲ್ಲ. ಆದ್ರೆ ಪೇಟೆಂಟ್ ಬೇಕು ಅಂದ್ರೆ ಒಳಗಿನದೆಲ್ಲಾ ಬಿಡಿಸಿ ಹೇಳ್ಲೇಬೇಕಿತ್ತು. 1970ರ ದಶಕದ ಎಚ್‌ಪಿ ಪೇಟೆಂಟ್ ಕೆಲವದ್ರಲ್ಲಿ ಕ್ಯಾಲ್ಕುಲೇಟರ್‌ನ ಪೂರ್ತಿ ಮೈಕ್ರೋಕೋಡ್, ಅಂದ್ರೆ ರೋಮ್ ಒಳಗಿನ ಪ್ರೋಗ್ರಾಂ, ಸಾಲುಸಾಲಾಗಿ ಅಚ್ಚಾಗಿದೆ, ಸರ್ಕ್ಯೂಟ್, ಟೈಮಿಂಗ್ ಚಿತ್ರ, ಆದೇಶಗಳ ಪಟ್ಟಿ ಎಲ್ಲಾ ಜೊತೆಗೇ. ಟಿಐ ಪೇಟೆಂಟ್‌ಗಳಲ್ಲೂ ರೋಮ್ ಪಟ್ಟಿ ಇರೋವು ಇದಾವೆ.

ಓದೋಕೆ ಶುರು ಮಾಡೋರು ಅಮೆರಿಕನ್ ಪೇಟೆಂಟ್ 3,819,921 ನೋಡಿ, ಜ್ಯಾಕ್ ಕಿಲ್ಬಿ, ಜೆರ್ರಿ ಮೆರ್ರಿಮನ್, ಜೇಮ್ಸ್ ವ್ಯಾನ್ ಟ್ಯಾಸೆಲ್ ಮೂವರದು, ಕೈಯಲ್ಲಿ ಹಿಡಿಯೋ ಕ್ಯಾಲ್ಕುಲೇಟರ್ ಬಗ್ಗೆ. ಮೊದಲ ಅರ್ಜಿ ಹಾಕಿದ್ದು 1967ರಲ್ಲಿ, ಕೈಗೆ ಬಂದದ್ದು 1974ರಲ್ಲಿ. ಈ ಏಳು ವರ್ಷದ ಅಂತರ ನೆನಪಿಟ್ಕೊಳ್ಳಿ, ಯಾಕಂದ್ರೆ ಪೇಟೆಂಟ್ ಮೇಲಿನ ವರ್ಷಾನೇ ಆವಿಷ್ಕಾರದ ವರ್ಷ ಅಂತ ಬರೆದ್ರೆ ಇತಿಹಾಸ ತಲೆಕೆಳಗಾಗತ್ತೆ. ಟಿಐಯ ಗ್ಯಾರಿ ಬೂನ್ ಹೆಸರಲ್ಲಿರೋ 3,757,306 ಕೂಡ ಓದಲೇಬೇಕಾದ್ದು. ಪೇಟೆಂಟ್ ಒಳಗೆ "ಈ ಹಿಂದಿನ ಅರ್ಜಿಯ ಮುಂದುವರಿಕೆ" ಅಂತ ಇರೋ ಸಾಲು ಹಿಡಿದು ಹಿಂದಕ್ಕೆ ಹೋದ್ರೆ ಮೂಲ ಅರ್ಜಿಯ ತಾರೀಖು ಸಿಗತ್ತೆ.

ಪೇಟೆಂಟ್‌ನಲ್ಲಿ ಇರೋದೆಲ್ಲಾ ಮಾರಾಟ ಆದ ಯಂತ್ರದಲ್ಲಿ ಇರ್ಲೇಬೇಕು ಅಂತೇನಿಲ್ಲ. ಪಟ್ಟಿಯಲ್ಲಿ ಅಚ್ಚಿನ ತಪ್ಪಿರತ್ತೆ, ಅರ್ಜಿ ಹಾಕಿದ ಮೇಲೆ ಕೋಡ್ ಬದಲಾಗಿರತ್ತೆ. ಯಂತ್ರದ ಜೊತೆ ತಾಳೆ ನೋಡಿದ ಮೇಲೇ ಬರೀರಿ. ಪೇಟೆಂಟ್ ಬಿಟ್ರೆ ಸರ್ವಿಸ್ ಮ್ಯಾನುಯಲ್ ಮತ್ತು ಕಂಪನಿಗಳ ತಾಂತ್ರಿಕ ಪತ್ರಿಕೆ. ಎಚ್‌ಪಿ ಜರ್ನಲ್‌ನ 1972 ಜೂನ್ ಸಂಚಿಕೆಯಲ್ಲಿ ಎಚ್‌ಪಿ-35 ಬಗ್ಗೆ ಅದನ್ನ ಮಾಡಿದೋರೇ ಬರೆದಿದಾರೆ.

ಯಂತ್ರ ಬಿಚ್ಚದೇನೇ ಒಳಗಿನ ಚಿಪ್ ಬಗ್ಗೆ ಏನಾದ್ರೂ ತಿಳ್ಕೋಬಹುದಾ?

ತುಂಬಾ ತಿಳ್ಕೋಬಹುದು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಆದ್ರೆ ಡಿಗ್ರಿ ಮೋಡ್‌ನಲ್ಲಿ 9 ಒತ್ತಿ, ಸೈನ್, ಕಾಸ್, ಟ್ಯಾನ್ ಸಾಲಾಗಿ ಒತ್ತಿ, ಆಮೇಲೆ ಆರ್ಕ್‌ಟ್ಯಾನ್, ಆರ್ಕ್‌ಕಾಸ್, ಆರ್ಕ್‌ಸೈನ್ ಒತ್ತುತ್ತಾ ವಾಪಸ್ ಬನ್ನಿ. ಗಣಿತದ ಪ್ರಕಾರ 9 ಬರ್ಬೇಕು, ಆದ್ರೆ ಹಾದಿಯಲ್ಲಿ ಅಂಕಿಗಳು ಕತ್ತರಿಸಿ ಹೋಗೋದ್ರಿಂದ ಕೊನೆಗೆ ಬರೋ ಸಂಖ್ಯೆ ಒಂದೊಂದು ಚಿಪ್ ಕುಟುಂಬಕ್ಕೆ ಒಂದೊಂದು. ಎಚ್‌ಪಿ-41, ಎಚ್‌ಪಿ-15ಸಿ ಥರದ್ದರಲ್ಲಿ 9.000417403 ಬರತ್ತೆ. ಬೇರೆ ಬೇರೆ ಬ್ರ್ಯಾಂಡ್ ಹೆಸರಿರೋ ಎರಡು ಯಂತ್ರದಲ್ಲಿ ಕೊನೇ ಅಂಕಿವರೆಗೂ ಒಂದೇ ತಪ್ಪು ಉತ್ತರ ಬಂದ್ರೆ ಒಳಗಿನ ಚಿಪ್ಪೋ ಅಲ್ಗಾರಿದಮ್ಮೋ ಒಂದೇ ಇರೋ ಸಾಧ್ಯತೆ ಜಾಸ್ತಿ. ಇದು ಸುಳಿವು ಮಾತ್ರ, ಪುರಾವೆ ಅಲ್ಲ, ದಾಖಲೆಯಲ್ಲೂ ಹಾಗೇ ಬರೀಬೇಕು.

ಕೆಲವೊಮ್ಮೆ ಒಂದು ದೋಷಾನೇ ರೋಮ್ ಆವೃತ್ತಿ ಹೇಳಿಬಿಡತ್ತೆ. ಶುರುಶುರುವಿನ ಎಚ್‌ಪಿ-35ರಲ್ಲಿ 2.02ರ ನ್ಯಾಚುರಲ್ ಲಾಗ್ ತಗೊಂಡು, ಅದರ ಎಕ್ಸ್‌ಪೊನೆನ್ಷಿಯಲ್ ಒತ್ತಿದ್ರೆ 2.02 ಬರೋ ಬದ್ಲು 2 ಬರ್ತಿತ್ತು. ಮಾರಾಟ ಶುರುವಾದ ಮೇಲೆ ಇದು ಬೆಳಕಿಗೆ ಬಂದು, ಆಮೇಲಿನ ಯಂತ್ರಗಳಿಗೆ ಸರಿಪಡಿಸಿದ ರೋಮ್ ಹಾಕಿದ್ರು. ಹಾಗಾಗಿ ನಿಮ್ಮ ಕೈಲಿರೋ ಎಚ್‌ಪಿ-35ರಲ್ಲಿ ಹಳೇ ರೋಮ್ ಇದೆಯಾ ಅಂತ ನೋಡೋಕೆ ಸ್ಕ್ರೂಡ್ರೈವರ್ ಬೇಡ, ಒಂದೈದಾರು ಕೀ ಒತ್ತಿದ್ರೆ ಸಾಕು.

ಉತ್ತರದ ಜೊತೆ ಸಮಯಾನೂ ಅಳೀರಿ. ಡಿಸ್‌ಪ್ಲೇ ವಿಡಿಯೋ ಮಾಡಿ, ಒಂದೊಂದು ಲೆಕ್ಕಕ್ಕೆ ಎಷ್ಟು ಹೊತ್ತು ತಗೊಳತ್ತೆ ಅಂತ ಫ್ರೇಮ್ ಎಣಿಸಿ ಬರೆದಿಟ್ರೆ ಅಲ್ಗಾರಿದಮ್ ಎಂಥದ್ದು ಅನ್ನೋ ಅಂದಾಜು ಸಿಗತ್ತೆ.

ಚಿಪ್‌ಗೆ ಹಾನಿ ಆಗ್ದಂಗೆ ಒಳಗಿನ ಕೋಡ್ ಓದ್ಬಹುದಾ?

ಯಂತ್ರದಲ್ಲಿ ಒಂದಕ್ಕಿಂತ ಜಾಸ್ತಿ ಚಿಪ್ ಇದ್ದು ಅವು ಮಾತಾಡ್ಕೊಳೋ ವೈರ್ ಹೊರಗಡೆ ಸಿಕ್ರೆ ಆಗತ್ತೆ. ಎಚ್‌ಪಿ-35 ಇದಕ್ಕೆ ಹೇಳಿ ಮಾಡಿಸಿದಂಥದ್ದು. ಅದ್ರಲ್ಲಿ ಲೆಕ್ಕ ಮಾಡೋ ಚಿಪ್ ಒಂದು, ಕಂಟ್ರೋಲ್ ಚಿಪ್ ಒಂದು, ರೋಮ್ ಮೂರು. ಪ್ರತೀ ರೋಮ್‌ನಲ್ಲಿ 256 ಆದೇಶ, ಒಂದೊಂದು 10 ಬಿಟ್, ಅಂದ್ರೆ ಸೈನು ಲಾಗು ಎಲ್ಲಾ ಸೇರಿ 768 ಆದೇಶದಲ್ಲಿ ಮುಗಿಸಿದಾರೆ, ನಂಗೆ ಈಗ್ಲೂ ಇದು ಅದ್ಭುತ ಅನ್ಸತ್ತೆ. ಎಲ್ಲಾನೂ ಬಿಟ್ ಹಿಂದೆ ಬಿಟ್ ಸಾಲಾಗಿ ಹೋಗತ್ತೆ, ರಿಜಿಸ್ಟರ್ 56 ಬಿಟ್, ಅಂದ್ರೆ 14 ದಶಮಾಂಶ ಅಂಕಿ, ಒಂದು ಸುತ್ತು ಮುಗಿಯೋಕೆ ಸುಮಾರು 280 ಮೈಕ್ರೋಸೆಕೆಂಡ್. ಇಷ್ಟು ನಿಧಾನ ಇರೋದ್ರಿಂದ ಇವತ್ತಿನ ಸಾಧಾರಣ ಲಾಜಿಕ್ ಅನಲೈಸರ್‌ಗೆ (ವೈರ್‌ಗಳ ಮೇಲಿನ ಸಿಗ್ನಲ್ ರೆಕಾರ್ಡ್ ಮಾಡೋ ಉಪಕರಣ) ಇದು ಲೆಕ್ಕಕ್ಕೇ ಇಲ್ಲ. ಸಿಂಕ್ ವೈರ್, ವಿಳಾಸ ಹೋಗೋ ವೈರ್, ಆದೇಶ ಬರೋ ವೈರ್ ಮೂರನ್ನ ಹಿಡಿದು, ಎಲ್ಲಾ ಕೀಗಳನ್ನ ಒತ್ತಿ ರೆಕಾರ್ಡ್ ಮಾಡಿದ್ರೆ ಕೋಡ್‌ನ ಬಹುಭಾಗ ಕೈಗೆ ಬರತ್ತೆ. ಕೊರತೆ ಬರೋದು ಯಂತ್ರ ಅಪರೂಪಕ್ಕೆ ಹೋಗೋ ದಾರಿಗಳಲ್ಲಿ. ಅದಕ್ಕೆ ಸೊನ್ನೆಯಿಂದ ಭಾಗಿಸೋದು, ಋಣ ಸಂಖ್ಯೆಯ ವರ್ಗಮೂಲ, ತೀರಾ ದೊಡ್ಡ ಸಂಖ್ಯೆ ಇಂಥದ್ದನ್ನೆಲ್ಲಾ ಬೇಕಂತಲೇ ಕೊಟ್ಟು ನೋಡ್ಬೇಕು.

ಆ ಕಾಲದ ಪಿ-ಮಾಸ್ (ಆಗಿನ ಒಂದು ಚಿಪ್ ತಯಾರಿಕೆ ವಿಧಾನ) ಚಿಪ್‌ಗಳು ಕೇಳೋ ವೋಲ್ಟೇಜ್ ಬೇರೆ ಥರ, ಎಷ್ಟೋ ಕಡೆ ಗ್ರೌಂಡ್‌ಗಿಂತ ಕೆಳಗೆ ಹತ್ತಾರು ವೋಲ್ಟ್. ಇವತ್ತಿನ ಉಪಕರಣಾನ ನೇರವಾಗಿ ತಗುಲಿಸಿದ್ರೆ ಉಪಕರಣ ಹೋಗತ್ತೆ, ಚಿಪ್ಪೂ ಹೋಗಬಹುದು. ಮೊದಲು ಮೀಟರ್ ಹಿಡಿದು ಅಳೀರಿ.

ಒಂದೇ ಚಿಪ್‌ನ ಯಂತ್ರದಲ್ಲಿ ಕೋಡ್ ಹೊರಗೇ ಬರಲ್ಲ. ಆದ್ರೆ ಟಿಎಂಎಸ್1000 ಥರದ ಕೆಲವದ್ರಲ್ಲಿ ಕಾರ್ಖಾನೆಯೋರು ತಪಾಸಣೆಗೆ ಅಂತ ಒಂದು ಟೆಸ್ಟ್ ಮೋಡ್ ಇಟ್ಟಿದ್ರು, ಅದರ ಮೂಲಕ ರೋಮ್ ಓದಿದೋರಿದಾರೆ.

ಚಿಪ್ ಒಡೆದು ಒಳಗಿನ ಫೋಟೋ ತೆಗೆಯೋದು ಅಂತಾರಲ್ಲ, ಅದ್ರಿಂದ ಏನು ಗೊತ್ತಾಗತ್ತೆ?

ಎಲ್ಲಾ ಗೊತ್ತಾಗತ್ತೆ ಅಂದ್ರೆ ಜಾಸ್ತಿ ಆಗಲ್ಲ. ಪ್ಯಾಕೇಜ್ ತೆಗೆದು ಡೈನ, ಅಂದ್ರೆ ಒಳಗಿನ ಸಿಲಿಕಾನ್ ಚೂರನ್ನ, ಮೇಲಿಂದ ಬೆಳಕು ಬಿಡೋ ಮೆಟಲರ್ಜಿಕಲ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ, 1970ರ ಶುರುವಿನ ಚಿಪ್‌ಗಳಲ್ಲಿ ಟ್ರಾನ್ಸಿಸ್ಟರ್‌ಗಳನ್ನ ಒಂದೊಂದಾಗಿ ಕಾಣಬಹುದು. 4004ರಲ್ಲಿ ಇರೋದೇ ಸುಮಾರು 2300 ಟ್ರಾನ್ಸಿಸ್ಟರ್, ಅಗಲ 10 ಮೈಕ್ರಾನ್ ಲೆಕ್ಕದಲ್ಲಿ. ಇಂಟೆಲ್‌ನ ಫೆಡೆರಿಕೊ ಫ್ಯಾಜಿನ್ ಆ ಡೈನ ಅಂಚಲ್ಲಿ ತಮ್ಮ ಇನಿಶಿಯಲ್ ಎಫ್‌ಎಫ್ ಅಂತ ಹಾಕಿದಾರೆ. ಫ್ಯಾಜಿನ್, ಟೆಡ್ ಹಾಫ್, ಸ್ಟ್ಯಾನ್ ಮೇಜರ್, ಬ್ಯುಸಿಕಾಮ್‌ನ ಮಸಾತೋಶಿ ಶಿಮಾ, ಇವರಲ್ಲಿ ಯಾರ ಪಾಲು ಎಷ್ಟು ಅನ್ನೋದು ದಶಕಗಟ್ಟಲೆ ಚರ್ಚೆ ಆಗಿದೆ, ಅಂಥ ಚರ್ಚೆಯಲ್ಲಿ ಸಿಲಿಕಾನ್ ಮೇಲೆ ಕೊರೆದ ಎರಡಕ್ಷರಕ್ಕೂ ಸಾಕ್ಷಿಯ ಬೆಲೆ ಇದೆ.

ಇದಕ್ಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ 1974ರ ಸಿಂಕ್ಲೇರ್ ಸೈಂಟಿಫಿಕ್. ಅದ್ರೊಳಗಿರೋದು ಟಿಐಯ ಟಿಎಂಎಸ್0805, ನಾಲ್ಕು ಮಾಮೂಲಿ ಲೆಕ್ಕಕ್ಕೆ ಅಂತ ಮಾಡಿದ ಚಿಪ್ ಕುಟುಂಬದ್ದು, ಪ್ರೋಗ್ರಾಂಗೆ ಇರೋದು ಬರೀ 320 ಸಾಲು. ಅಷ್ಟರಲ್ಲಿ ನೈಜೆಲ್ ಸರ್ಲ್ ಸೈನ್, ಕಾಸ್, ಟ್ಯಾನ್, ಲಾಗ್, ಅವುಗಳ ತಿರುಗುಮುರುಗು ಎಲ್ಲಾನೂ ಹಿಡಿಸಿದ್ರು. ಹೇಗೆ ಅನ್ನೋದು ಹೊರಗಿನಿಂದ ನೋಡಿ ಹೇಳೋಕಾಗ್ತಿರ್ಲಿಲ್ಲ. ಡೈ ಫೋಟೋದಿಂದ ರೋಮ್ ಬಿಟ್‌ಗಳನ್ನ ಓದಿ, ಕೆನ್ ಶಿರಿಫ್ 2013ರಲ್ಲಿ ಕೋಡ್ ಪೂರ್ತಿ ಬಿಡಿಸಿದ ಮೇಲೆ ಸ್ಪಷ್ಟ ಆಯ್ತು. ಕೋನಕ್ಕೆ ಬೇಕಾದಷ್ಟು ಸಲ 0.001 ರೇಡಿಯನ್‌ನಂತೆ ತಿರುಗಿಸ್ತಾ ಹೋಗೋದು, ಲಾಗ್‌ಗೆ 0.99ರ ಗುಣಾಕಾರ ಪದೇ ಪದೇ ಮಾಡೋದು. ಅದಕ್ಕೇ ಕೆಲವು ಲೆಕ್ಕಕ್ಕೆ ಹಲವಾರು ಸೆಕೆಂಡ್ ಕಾಯ್ಬೇಕು, ಅದಕ್ಕೇ ಉತ್ತರದ ಕೊನೆಯ ಅಂಕಿಗಳನ್ನ ನಂಬೋಕಾಗಲ್ಲ. ಪೈ ಥರದ ಸ್ಥಿರಾಂಕ ಇಡೋಕೂ ರೋಮ್‌ನಲ್ಲಿ ಜಾಗ ಇರ್ಲಿಲ್ಲ, ಹಾಗಾಗಿ ಅವನ್ನ ಯಂತ್ರದ ಮೈಮೇಲೇ ಅಚ್ಚು ಹಾಕಿದ್ರು. ನೋಡಿ, ಕ್ಯಾಬಿನೆಟ್ ಮೇಲೆ ಪೈ ಯಾಕೆ ಬರೆದಿದೆ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಿಲಿಕಾನ್ ಒಳಗೆ.

ವಿಧಾನದ ಬಗ್ಗೆ ಒಂದೇ ಮಾತು. ಸೆರಾಮಿಕ್ ಪ್ಯಾಕೇಜ್‌ಗೆ ಲೋಹದ ಮುಚ್ಚಳ ಇದ್ರೆ ಅದನ್ನ ಎಬ್ಬಿಸಿದ್ರೆ ಸಾಕು. ಪ್ಲಾಸ್ಟಿಕ್ ಆದ್ರೆ ಬಿಸಿ ಆಸಿಡ್ ಕೆಲ್ಸ, ಅದನ್ನ ಮನೆಯಲ್ಲಿ ಮಾಡ್ಬೇಡಿ, ಫ್ಯೂಮ್ ಹುಡ್ ಮತ್ತು ತರಬೇತಿ ಇರೋರಿಗೆ ಕೊಡಿ. ಫೋಟೋಗಳನ್ನ ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ರೂ ಬಿಡಿ ಫೋಟೋಗಳನ್ನ ಅಳಿಸಬೇಡಿ, ಜೋಡಿಸೋ ಸಾಫ್ಟ್‌ವೇರ್ ಅಂಚುಗಳಲ್ಲಿ ಒಂದು ಸಾಲು ಬಿಟ್ ನುಂಗಿಬಿಡೋದು ಉಂಟು.

ನನ್ ಹತ್ರ ಇರೋದು ಒಂದೇ ಒಂದು, ಅದನ್ನ ಒಡೆಯಲಾ?

ಬೇಡ. ಅದೇ ಚಿಪ್ ಇರೋ, ಕೆಟ್ಟುಹೋದ ಇನ್ನೊಂದು ಯಂತ್ರ ಸಿಗೋವರೆಗೆ ಕಾಯಿರಿ. ಕೆಟ್ಟ ಚಿಪ್‌ನ ಮಾಸ್ಕ್ ರೋಮ್‌ನಲ್ಲೂ ಬಿಟ್‌ಗಳು ಹಾಗೇ ಇರ್ತವೆ, ಅವು ಲೋಹ ಮತ್ತು ಆಕ್ಸೈಡ್‌ನ ಆಕಾರದಲ್ಲಿ ಇರೋದ್ರಿಂದ ಕರೆಂಟ್ ಇದ್ರೂ ಇಲ್ದಿದ್ರೂ ಒಂದೇ.

ಸೋವಿಯತ್ ಯಂತ್ರಗಳ ಬಗ್ಗೆ ಏನಾದ್ರೂ ಬೇರೆ ಗಮನ ಬೇಕಾ?

ಬೇಕು, ಯಾಕಂದ್ರೆ ಅಲ್ಲಿನ ಪ್ರೋಗ್ರಾಂ ಮಾಡಬಹುದಾದ ಯಂತ್ರಗಳದ್ದೇ ಒಂದು ಲೋಕ. 1980ರ ಎಲೆಕ್ಟ್ರಾನಿಕಾ ಬಿ3-34, ಆಮೇಲಿನ ಎಂಕೆ-61 ಎಲ್ಲಾ ಒಂದೇ ಚಿಪ್ ವಂಶದವು, ಐಕೆ1302, ಐಕೆ1303, ಎಂಕೆ-61ರಲ್ಲಿ ಜೊತೆಗೆ ಐಕೆ1306. ಬಳಸೋರೇ ಇದರ ದಾಖಲೆಯಲ್ಲಿಲ್ಲದ ಗುಣಗಳನ್ನ ಹುಡುಕ್ತಾ ಹುಡುಕ್ತಾ ಅದೊಂದು ದೊಡ್ಡ ಹವ್ಯಾಸಾನೇ ಆಯ್ತು, ಡಿಸ್‌ಪ್ಲೇ ಮೇಲೆ ಬರ್ತಿದ್ದ ಎರರ್ ಸಂದೇಶದ ಆಕಾರದಿಂದಾನೇ ಆ ಹವ್ಯಾಸಕ್ಕೆ ಯೆಗ್ಗೋಗಾಲಜಿ ಅನ್ನೋ ಹೆಸರೂ ಬಂತು. ಅಳತೆ ಮಾಡುವಾಗ ಒಂದು ವಿಷ್ಯ ನೆನಪಿರ್ಲಿ, ಅಲ್ಲಿನ ಚಿಪ್ ಪಿನ್‌ಗಳ ಅಂತರ 2.5 ಮಿಮೀ, ಬೇರೆ ಕಡೆ 2.54. ಪಿನ್ ಜಾಸ್ತಿ ಇರೋ ಚಿಪ್‌ನ ಸಾಕೆಟ್‌ಗೆ ಒತ್ತಿದ್ರೆ ಕೊನೆಯ ಪಿನ್‌ಗಳು ಕೂರಲ್ಲ. ಹೆಸರನ್ನ ಮೂಲ ರಷ್ಯನ್ ಅಕ್ಷರದಲ್ಲಿ ಫೋಟೋ ಸಮೇತ ಇಡಿ, ಲಿಪ್ಯಂತರ ಒಬ್ಬೊಬ್ರು ಒಂದೊಂದು ಥರ ಮಾಡಿ ಹುಡುಕಿದ್ರೂ ಸಿಗ್ದಂಗೆ ಆಗಿದೆ.

ಬ್ಯಾಟರಿ ಸೋರಿ ಬೋರ್ಡ್ ಹಸಿರುಗಟ್ಟಿದೆ, ಆನ್ ಮಾಡಿ ನೋಡ್ಲಾ?

ಮೊದಲು ಬ್ಯಾಟರಿ ತೆಗೀರಿ, ಫೋಟೋ ತೆಗೀರಿ, ಆಮೇಲೆ ಸ್ವಚ್ಛ ಮಾಡಿ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯಿಂದ ಸೋರೋದು ಕ್ಷಾರ, ಸ್ವಲ್ಪ ವಿನೆಗರ್ ಹಚ್ಚಿ ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ಒರೆಸಿದ್ರೆ ಹೋಗತ್ತೆ. ಕ್ಯಾಡ್ಮಿಯಂ ವಿಷ, ಗ್ಲೌಸ್ ಹಾಕ್ಕೊಳ್ಳಿ. ಎಚ್‌ಪಿ-35, 45, 65 ಇವುಗಳನ್ನ ಬ್ಯಾಟರಿ ಇಲ್ದೆ ಬರೀ ಚಾರ್ಜರ್ ಹಾಕಿ ಯಾವತ್ತೂ ಆನ್ ಮಾಡ್ಬೇಡಿ. ಚಾರ್ಜರ್‌ನ ವೋಲ್ಟೇಜ್ ಹಿಡಿತದಲ್ಲಿ ಇಡೋದೇ ಬ್ಯಾಟರಿ, ಅದಿಲ್ದಿದ್ರೆ ಚಿಪ್‌ಗಳಿಗೆ ಜಾಸ್ತಿ ಹೊಡೆದು ಸತ್ತೇಹೋಗ್ತವೆ. ಇಷ್ಟು ವರ್ಷ ಉಳ್ಕೊಂಡು ಬಂದ ಯಂತ್ರ ಪರೀಕ್ಷೆಯ ಹೆಸರಲ್ಲಿ ಸಾಯೋದು ತುಂಬಾ ನೋವಿನ ವಿಷ್ಯ.

ಆ ಕಾಲದ ಎಂಜಿನಿಯರ್ ಸಿಕ್ರೆ ಏನು ಕೇಳ್ಬೇಕು?

"ಮೊದಲು ಯಾರು ಮಾಡಿದ್ದು" ಅಂತ ಕೇಳ್ಬೇಡಿ, ಅದಕ್ಕೆ ಎಲ್ರ ಹತ್ರಾನೂ ಸಿದ್ಧ ಉತ್ತರ ಇರತ್ತೆ. ಬೋರ್ಡ್‌ನ ಫೋಟೋ, ಡೈ ಫೋಟೋ, ಕೋಡ್ ಪಟ್ಟಿ ಕೈಗೆ ಕೊಟ್ಟು ಇದು ಏನು, ಇಲ್ಲಿ ಯಾಕೆ ಹೀಗೆ ಮಾಡಿದ್ರಿ ಅಂತ ಕೇಳಿ. ಲೇಔಟ್ ಯಾರು ಬಿಡಿಸಿದ್ರು, ಮಾಸ್ಕ್ ಮಾಡೋಕೆ ರೂಬಿಲಿತ್ ಅನ್ನೋ ಕೆಂಪು ಪ್ಲಾಸ್ಟಿಕ್ ಹಾಳೆ ಕತ್ತರಿಸಿದೋರು ಯಾರು, ಕೋಡ್ ತಪ್ಪಿದ್ರೆ ಹೊಸ ಮಾಸ್ಕ್ ಬರೋಕೆ ಎಷ್ಟು ವಾರ ಕಾಯ್ಬೇಕಿತ್ತು, ಮೊದಲ ವೇಫರ್ (ಚಿಪ್‌ಗಳನ್ನ ಒಟ್ಟಿಗೆ ಮಾಡೋ ಸಿಲಿಕಾನ್ ಬಿಲ್ಲೆ) ಬಂದಾಗ ಏನಾಯ್ತು. 4004ರ ಮೊದಲ ವೇಫರ್‌ಗಳು ಕೆಲ್ಸಾನೇ ಮಾಡಿರ್ಲಿಲ್ಲ, ತಯಾರಿಕೆಯಲ್ಲಿ ಒಂದು ಪದರಾನೇ ಬಿಟ್ಟುಹೋಗಿತ್ತು ಅನ್ನೋದು ಇವತ್ತು ನಮ್ಗೆ ಗೊತ್ತಿರೋದು ಫ್ಯಾಜಿನ್ ಬಿಡಿಸಿ ಹೇಳಿರೋದ್ರಿಂದ. ಲೇಔಟ್ ಮಾಡಿದೋರ, ಮಾಸ್ಕ್ ಕತ್ತರಿಸಿದ ಹೆಣ್ಣುಮಕ್ಕಳ ಹೆಸರು ಪೇಟೆಂಟ್‌ನಲ್ಲಿ ಬರೋದೇ ಅಪರೂಪ, ಕೇಳಿದ್ರೆ ಮಾತ್ರ ಸಿಗತ್ತೆ. ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನವರು ಇಂಥ ಸಂದರ್ಶನಗಳನ್ನ ಪೂರ್ತಿ ಬರಹ ರೂಪದಲ್ಲಿ ಇಟ್ಟಿದಾರೆ, ಪ್ರಶ್ನೆ ಹೇಗೆ ಕೇಳ್ಬೇಕು ಅನ್ನೋದಕ್ಕೂ ಅವನ್ನ ಓದ್ಬಹುದು. ಸಂದರ್ಶನ ಮಾಡಿದ್ರೆ ಅದನ್ನ ಪ್ರಕಟಿಸೋಕೆ ಒಪ್ಪಿಗೆ ಬರಹದಲ್ಲೇ ತಗೊಳ್ಳಿ.

ಎಮ್ಯುಲೇಟರ್ ಇದೆಯಲ್ಲ, ಇನ್ನು ಯಾಕೆ ಇಷ್ಟೆಲ್ಲಾ?

ಹಳೇ ಯಂತ್ರಾನ ಇವತ್ತಿನ ಕಂಪ್ಯೂಟರ್‌ನಲ್ಲಿ ಅನುಕರಿಸೋ ಸಾಫ್ಟ್‌ವೇರೇ ಎಮ್ಯುಲೇಟರ್, ಅದ್ರಲ್ಲಿ ಎರಡು ಥರ ಇದೆ. ಅಸಲೀ ರೋಮ್ ಕೋಡನ್ನೇ ಓಡಿಸೋದು ಒಂದು, ನಾನ್‌ಪರೈಲ್ ಅನ್ನೋ ಎಮ್ಯುಲೇಟರ್ ಹಾಗೆ ಎಚ್‌ಪಿ ಮೈಕ್ರೋಕೋಡ್ ಓಡಿಸತ್ತೆ, ಮೇಮ್ ಅನ್ನೋ ಇನ್ನೊಂದರಲ್ಲಿ ಬ್ಯುಸಿಕಾಮ್ 141-ಪಿಎಫ್‌ನಿಂದ ಹಿಡಿದು ಟಿಐ-30ವರೆಗೂ ಇದೆ. ಇನ್ನೊಂದು ಥರದ್ದು ಬರೀ ಮುಖಪುಟ ಹಳೇದು, ಒಳಗಿನ ಲೆಕ್ಕ ಇವತ್ತಿನ ಕಂಪ್ಯೂಟರ್‌ದು. ಮೇಲೆ ಹೇಳಿದ 9ರ ಪರೀಕ್ಷೆ ಮಾಡಿದ್ರೆ ಅದು ತಕ್ಷಣ ಸಿಕ್ಕಿಬೀಳತ್ತೆ, ನೀಟಾಗಿ 9 ತೋರಿಸತ್ತೆ ಇಲ್ಲ ಇನ್ನೆಂಥದೋ ಬರತ್ತೆ. ಮೊದಲ ಥರದ ಎಮ್ಯುಲೇಟರ್ ಇರೋದೇ ಯಾರೋ ರೋಮ್ ಓದಿ ಕೊಟ್ಟಿದ್ದಕ್ಕೆ. ಓದದೇ ಉಳಿದ ಚಿಪ್‌ಗಳು ಇನ್ನೂ ಬೇಕಾದಷ್ಟಿವೆ, ಅದೂ ಯಾರೂ ಹೆಸರು ಕೇಳದ ಬ್ರ್ಯಾಂಡ್‌ನ ಅಗ್ಗದ ನಾಲ್ಕು ಲೆಕ್ಕದ ಯಂತ್ರಗಳವು. ಪ್ರಸಿದ್ಧ ಯಂತ್ರಗಳನ್ನ ನೋಡ್ಕೊಳೋರು ಇದಾರೆ, ನೀವು ಇಂಥವನ್ನ ಕೈಗೆತ್ಕೊಂಡ್ರೆ ಜಾಸ್ತಿ ಉಪಯೋಗ.

ಕಾನೂನಿನ ತೊಂದ್ರೆ ಇದೆಯಾ?

1970ರ ದಶಕದ ಪೇಟೆಂಟ್‌ಗಳ ಅವಧಿ ಎಂದೋ ಮುಗಿದಿದೆ. ಚಿಪ್ ಲೇಔಟ್‌ಗೆ ಅಮೆರಿಕದಲ್ಲಿ 1984ರ ಕಾಯ್ದೆ 10 ವರ್ಷದ ರಕ್ಷಣೆ ಕೊಡತ್ತೆ, ಅದೂ 1983 ಜುಲೈಗಿಂತ ಮುಂಚೆ ಮಾರುಕಟ್ಟೆಗೆ ಬಂದ ಚಿಪ್‌ಗಳಿಗೆ ಅನ್ವಯಿಸಲ್ಲ. ರೋಮ್ ಒಳಗಿನ ಕೋಡ್ ಮತ್ತು ಮ್ಯಾನುಯಲ್‌ಗಳ ಕಾಪಿರೈಟ್ ಬೇರೆ ವಿಷ್ಯ, ದೇಶದಿಂದ ದೇಶಕ್ಕೆ ಬದಲಾಗತ್ತೆ, ಅದನ್ನ ಪ್ರಕಟಿಸೋ ಮುಂಚೆ ವಿಚಾರಿಸಿ. ಕೇಳಿದ್ರೆ ಕೊಡೋ ಕಂಪನಿಗಳೂ ಇದಾವೆ, 4004ರ 35ನೇ ವರ್ಷಕ್ಕೆ, ಅಂದ್ರೆ 2006ರಲ್ಲಿ, ಇಂಟೆಲ್ ಅದರ ಸರ್ಕ್ಯೂಟ್ ಚಿತ್ರಗಳನ್ನ ವಾಣಿಜ್ಯೇತರ ಬಳಕೆಗೆ ಬಿಟ್ಟುಕೊಡ್ತು.

ಕೊನೆಗೆ ಇದನ್ನೆಲ್ಲಾ ಹೇಗೆ ಬರೆದಿಡೋದು?

ಪ್ರತೀ ಯಂತ್ರಕ್ಕೆ ಒಂದು ಫೋಲ್ಡರ್, ಪ್ರತೀ ಚಿಪ್‌ಗೆ ಒಂದು ಪುಟ. ಪುಟದಲ್ಲಿ ಮೂರು ಥರದ ಮಾತುಗಳನ್ನ ಬೆರೆಸಬೇಡಿ: ಕಣ್ಣಾರೆ ನೋಡಿದ್ದು, ಯಾರೋ ಹೇಳಿದ್ದು ಅಥವಾ ಎಲ್ಲೋ ಓದಿದ್ದು, ಇವೆರಡರಿಂದ ನೀವು ಊಹಿಸಿದ್ದು. ಚಿಪ್ ಮೇಲಿನ ಬರಹಾನ ಸಾಲು ಬದಲಾಗೋ ಕಡೆ ಬದಲಾಯಿಸಿ ಇದ್ದಹಾಗೇ ಬರೀರಿ, ಸರಿಪಡಿಸೋಕೆ ಹೋಗ್ಬೇಡಿ. ಸ್ಕ್ಯಾನ್ ಆದ್ರೆ 600 ಡಿಪಿಐ, ಮೂಲ ಪ್ರತಿ ಟಿಫ್‌ನಲ್ಲಿ, ಹಂಚೋಕೆ ಪಿಡಿಎಫ್. ರೋಮ್ ಫೈಲ್ ಜೊತೆ ಅದರ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡೋ ಸಂಖ್ಯೆ), ಯಾವ ಸೀರಿಯಲ್ ನಂಬರ್‌ನ ಯಂತ್ರದಿಂದ ತೆಗೆದದ್ದು, ಬಿಟ್‌ಗಳ ಕ್ರಮ ಯಾವ್ದು, ಒಂದು ಅಂದ್ರೆ ಟ್ರಾನ್ಸಿಸ್ಟರ್ ಇದೆ ಅಂತಾನಾ ಇಲ್ಲ ಅಂತಾನಾ ಅನ್ನೋದನ್ನ ಬರೆದಿಡಿ. ಇದಿಲ್ದೆ ಸಿಕ್ಕ ರೋಮ್ ಫೈಲ್‌ನ ಮುಂದೆ ಬಂದೋರು ಮತ್ತೆ ಸೊನ್ನೆಯಿಂದ ಬಿಡಿಸ್ಬೇಕಾಗತ್ತೆ.

ನಿಮ್ಮ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಕೊಂಡು ಕೂರಬೇಡಿ. ಇಂಟರ್‌ನೆಟ್ ಆರ್ಕೈವ್‌ಗೆ ಒಂದು ಪ್ರತಿ ಹಾಕಿ, ಇನ್ನೊಂದನ್ನ ಇದೇ ಆಸಕ್ತಿ ಇರೋ ಇನ್ನೊಬ್ರಿಗೆ ಕಳಿಸಿ. ಪೂರ್ತಿ ಆಗ್ಲಿ ಅಂತ ಕಾಯೋದೂ ಬೇಡ, ಅರ್ಧ ಓದಿದ ನಂಬರ್, ಒಂದು ಬೋರ್ಡ್ ಫೋಟೋ, ಒಂದು ಸೀರಿಯಲ್ ನಂಬರ್ ಇಷ್ಟಿದ್ರೂ ಹಾಕಿ. ಉಳಿದರ್ಧ ಇರೋ ಬೋರ್ಡ್ ಬೇರೆ ಯಾರದೋ ಡ್ರಾಯರ್‌ನಲ್ಲಿ ಇರತ್ತೆ, ನಿಮ್ಮ ಪುಟ ಕಂಡ್ರೇನೇ ಅವರು ಅದನ್ನ ತೆಗೆದು ನೋಡೋದು.